ರಾಜನಿಗೆ ಬೇಕಾದ ಹಲ್ಲು

ಬೋಜನ ಮೇಲಿನ ಮುಂದಿನ ಹಲ್ಲೊಂದು, ಅವನು ಕೆಲಸಕ್ಕಿದ್ದ ಎಣ್ಣೆಯೂರು ದುಖಾನಿನ ಕ್ರಿಕೆಟ್ ಮೈದಾನದಲ್ಲಿ ಉದುರಿ ಆರು ವರ್ಷವಾಗಿತ್ತು. ಅಂದಿನಿಂದ ದೋಹಾದ ಕರಾವಳಿಯವರ ಸಂಘದ ನಾಟಕದಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಪಾತ್ರ, ಬೊಚ್ಚುಬಾಯಿ ಅಜ್ಜಿ. ರಾಜನ ಪಾತ್ರ ಕೇಳಿದಾಗಲೆಲ್ಲ ನಿರ್ದೇಶಕ ಸುಶಾಂತ್, "ಒಮ್ಮೆ ಸಿಂಹಾಸನ ಅನ್ನಿ ನೋಡುವ" ಅನ್ನುತ್ತಿದ್ದ. ಬೋಜನ ಬಾಯಲ್ಲಿ ಅದು ಕುಕ್ಕರ್ ಸೀಟಿ ಹೊಡೆದಂತೆ ಕೇಳುತ್ತಿತ್ತು.

ಕಳೆದ ರಜೆಯಲ್ಲಿ ಮಂಗಳೂರಿಗೆ ಹೋದವನು ದವಡೆಯ ಎಲುಬಿಗೆ ಸ್ಕ್ರೂ ಹಾಕಿಸಿಕೊಂಡು ಬಂದ. ಎಲುಬು ಅದನ್ನು ಗಟ್ಟಿಯಾಗಿ ಹಿಡಿಯಲು ನಾಲ್ಕು ತಿಂಗಳು ಬೇಕು, ಹಲ್ಲು ಕೂರಿಸುವುದು ಆಮೇಲೆ. ಅದನ್ನು ದೋಹಾದಲ್ಲೇ ಮಾಡಿಸಿದರಾಯಿತು ಎಂದುಕೊಂಡ. ಹಲ್ಲು ಬಂದರೆ ಈ ಸಲ ರಾಜ ನೀವೇ ಎಂದು ಸುಶಾಂತ್ ಮಾತು ಕೊಟ್ಟಿದ್ದ. ನಾಲ್ಕು ತಿಂಗಳು ತುಂಬಿ, ಡ್ಯೂಟಿಗೆ ರಜೆ ಸಿಕ್ಕಿದ್ದು ಮಾತ್ರ ನಾಟಕದ ದಿನವೇ.

ಬೆಳಿಗ್ಗೆ ದೋಹಾಕ್ಕೆ ಹೋಗಲು ಪಕ್ಕದ ಮನೆಯ, ಊರ ಕಡೆಯವನೇ ಆದ ಅಲಿಯ ಕಾರು ಹತ್ತಿದ. ದಾರಿಯುದ್ದಕ್ಕೂ ರಾಜನ ಮಾತುಗಳನ್ನು ಬಾಯಿಪಾಠ ಮಾಡಿದ. ಎರಡೂ ಕಡೆ ಮರಳು, ಕೇಳುವವನು ಅಲಿ ಒಬ್ಬನೇ.

ದೋಹಾದ ವೆಸ್ಟ್ ಬೇಯ ಹಲ್ಲಿನ ಡಾಕ್ಟರ್ ಎಲೈಜಾ ಬಾಯೊಳಗೆ ಕನ್ನಡಿ ಹಿಡಿದು ನೋಡಿ, ಇದು ಯಾವ ಕಂಪನಿಯ ಸ್ಕ್ರೂ ಎಂದು ಕೇಳಿದಳು. ಒಂದೊಂದು ಕಂಪನಿಗೂ ಬೇರೆ ಬೇರೆ ತಿರುಪುಳಿಯಂತೆ. ತನ್ನಲ್ಲಿರುವುದು ಇದಕ್ಕೆ ಕೂರುವುದಿಲ್ಲ, ಮಂಗಳೂರಿನವರು ಕೊಟ್ಟ ಕಾರ್ಡು ತನ್ನಿ ಅಂದಳು. ಇಪ್ಪತ್ತು ವರ್ಷ ಎಣ್ಣೆ ಕಂಪನಿಯ ಸ್ಟೋರಿನಲ್ಲಿ ನಟ್ಟು ಬೋಲ್ಟುಗಳಿಗೆ ಚೀಟಿ ಅಂಟಿಸಿದವನು ತನ್ನ ಬಾಯಿಯ ಸ್ಕ್ರೂ ಯಾವ ಕಂಪನಿಯದೆಂದು ಕೇಳಿರಲೇ ಇಲ್ಲ.

ದುಖಾನಿನ ಮನೆಗೆ ಫೋನು ಮಾಡಿದ. ಹೆಂಡತಿ ಪ್ರೇಮಾವತಿ ಕಪಾಟೆಲ್ಲ ಕೆದಕಿ ಕಾರ್ಡು ಹುಡುಕಿದಳು. ಅದರ ಫೋಟೋವನ್ನು ಗಂಡನಿಗೆ ಕಳಿಸುವ ಬದಲು ಸಂಘದ ವಾಟ್ಸಾಪ್ ಗುಂಪಿಗೇ ಹಾಕಿದಳು. ಕಾಲು ಗಂಟೆಯಲ್ಲಿ ಊರಿಗೆಲ್ಲ ಬೋಜನ ದವಡೆಯ ಸುದ್ದಿ. ಗುಂಪಿನ ಲೈಲಾ ಉಪ್ಪುನೀರು ಮುಕ್ಕಳಿಸಲು ಹೇಳಿದಳು. ಹಾರ್ಡ್‌ವೇರ್ ಅಂಗಡಿಯ ಫವಾಝ್ ತನ್ನ ತಿರುಪುಳಿಗಳ ಡಬ್ಬಿಯ ಫೋಟೋ ಹಾಕಿ, "ಇದರಲ್ಲಿ ಯಾವುದಾದರೂ ಆಗದೆ ಇರುವುದಿಲ್ಲ, ಹೊರಟೆ" ಎಂದು ಬರೆದ. ಬೋಜ ಹೆದರಿ, ಕಾರ್ಡಿನಲ್ಲಿದ್ದ ಕಂಪನಿಯ ಹೆಸರು ಬರೆದುಕೊಂಡು ಫೋನು ಆಫ್ ಮಾಡಿದ.

ಆಮೇಲೆ ಆ ಕಂಪನಿಯ ತಿರುಪುಳಿಗಾಗಿ ಊಟವಿಲ್ಲದೆ ಅಲೆದಾಟ. ಮೂರು ಕ್ಲಿನಿಕ್ಕುಗಳಲ್ಲಿ ಮಾಫಿ, ಅಂದರೆ ಇಲ್ಲ, ಅಂದರು. ಒಂದೊಂದರಿಂದ ಹೊರಬಂದಾಗಲೂ ಧೈರ್ಯಕ್ಕೆಂದು ಬೋಜ ರಾಜನ ಮಾತುಗಳನ್ನು ಮೊದಲಿನಿಂದ ಒಪ್ಪಿಸಿದ. ಕೊನೆಗೆ ಅಲ್ ಅಜೀಜಿಯಾದ ಕ್ಲಿನಿಕ್ಕೊಂದರಲ್ಲಿ ಸರಿಯಾದ ತಿರುಪುಳಿ ಸಿಕ್ಕಿತು. ಸದ್ಯಕ್ಕೆ ತಾತ್ಕಾಲಿಕ ಹಲ್ಲು, ಜೋಪಾನ, ಪಕ್ಕಾದ್ದು ಎರಡು ವಾರ ಬಿಟ್ಟು ಎಂದರು ಡಾಕ್ಟರು. ಬೋಜ ಕನ್ನಡಿಯೆದುರು ಸಿಂಹಾಸನ ಅಂದ. ಸೀಟಿ ಬರಲಿಲ್ಲ. ಸಂತೋಷಕ್ಕೆ ಕಣ್ಣು ತುಂಬಿತು.

ಸಂಜೆ ನಾಟಕದ ಹಾಲಿಗೆ ಬಂದಾಗ ಸುಶಾಂತ್ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಈ ಸಲ ಅಜ್ಜಿಯಾಗಬೇಕಿದ್ದ ಕೃತಿಕ್ ಜ್ವರ ಬಂದು ಮಲಗಿದ್ದನಂತೆ.

"ಬೋಜಣ್ಣ, ರಾಜ ಯಾರು ಬೇಕಾದರೂ ಆಗಬಹುದು. ಅಜ್ಜಿ ಆಗುವುದಕ್ಕೆ ನೀವೇ ಬೇಕು."

"ನಾನು ಅಜ್ಜಿಯಾದರೆ ರಾಜನ ಮಾತು ಯಾರಿಗೆ ಬರ್ತದೆ ಮಾರಾಯ?" ಬೋಜ ಗೆದ್ದೆ ಅಂದುಕೊಂಡ.

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಅಲಿ ಗಂಟಲು ಸರಿಮಾಡಿಕೊಂಡ. "ಈ ಸಿಂಹಾಸನದ ಮೇಲೆ ಕೂತವನು ಸೋಲನ್ನು ಕಂಡವನಲ್ಲ," ಎಂದು ಶುರುಮಾಡಿ, ಮೂವತ್ತೆರಡು ಹಲ್ಲೂ ಕಾಣುವಂತೆ ಕೊನೆಯವರೆಗೆ ಒಪ್ಪಿಸಿದ. ಬೆಳಿಗ್ಗೆಯಿಂದ ನಾಲ್ಕೈದು ಸಲ ಕೇಳಿದ್ದನಲ್ಲ.

ಸುಶಾಂತ್ ಅಲಿಯ ತಲೆಗೆ ಕಿರೀಟ ಇಟ್ಟು, ಬೋಜನ ಹೊಸ ಹಲ್ಲಿಗೆ ಕಪ್ಪು ಟೇಪು ಅಂಟಿಸಿದ. ಅಜ್ಜಿಗೆ ಬಿದ್ದಷ್ಟು ಚಪ್ಪಾಳೆ ಬೇರೆ ಯಾರಿಗೂ ಬೀಳಲಿಲ್ಲ.

ನಾಟಕ ಮುಗಿದ ಮೇಲೆ ಬೋಜ ಟೇಪು ಎಳೆದ. ಹಲ್ಲೂ ಜೊತೆಗೇ ಬಂತು. ಎದುರಿಗೆ ಅಲಿ ಇನ್ನೂ ಕಿರೀಟ ತೆಗೆಯದೆ ಸೆಲ್ಫಿ ಹೊಡೆಯುತ್ತಿದ್ದ. ಬೋಜನಿಗೆ ಸಿಟ್ಟು ಉಕ್ಕಿತು.

"ಸಾಕು, ಸಿಂಹಾಸನದಿಂದ ಇಳಿ ಮಾರಾಯ" ಅಂದ.

ಕುಕ್ಕರ್ ಸೀಟಿ ಹೊಡೆಯಿತು.