ಬೆಟ್ಟದ ತಪ್ಪಲಿನ ಅಣಬೆ ದಫ್ತರ

ಅಣಬೆ ಹುಡುಕಿ ಬರೆದಿಡುವುದೂ ಒಂದು ನೌಕರಿ ಎಂದರೆ ನನ್ನ ಅತ್ತೆಮನೆಯವರೇ ನಂಬಿರಲಿಲ್ಲ. ಅಂಥ ನೌಕರಿಯಲ್ಲಿ ನಗೆಪಾಟಲಾಗದೆ ಒಂದು ವಾರ ಕಳೆದರೆ ಅದೇ ವಿಶೇಷ. ಐವತ್ತರ ದಶಕದ ಮಾತು. ಮೈಸೂರಿನ ಕಾಲೇಜೊಂದರ ಸಸ್ಯಶಾಸ್ತ್ರದ ಮೇಷ್ಟ್ರು ನನ್ನನ್ನು ಗುಂಡ್ಲುಪೇಟೆ ಕಡೆಯ ಕುರುಚಲು ಕಾಡಿಗೆ ಕಳಿಸಿದ್ದರು. ಒಣಮರದ ಮೇಲೆ ಚಿಪ್ಪಿನಂತೆ ಏಳುವ ಬಿಳಿ ಅಣಬೆ ಎಲ್ಲಿ ಸಿಕ್ಕಿತೆಂದು ದಫ್ತರದಲ್ಲಿ ಬರೆಯಬೇಕು, ಒಂದು ಮಾದರಿ ತರಬೇಕು. "ಮಳೆಗಾಲ ಮುಗಿಯುವುದರೊಳಗೆ ಒಂದಾದರೂ ತಾ. ಇಲ್ಲದಿದ್ದರೆ ನಿನ್ನ ಕೆಲಸ ಖಾಯಂ ಮಾಡಿ ಅಂತ ಯಾವ ಮುಖ ಇಟ್ಟುಕೊಂಡು ಕೇಳಲಿ?" ಎಂದಿದ್ದರು.

ವಿಳಾಸ

ಗೋಪಾಲಸ್ವಾಮಿ ಬೆಟ್ಟದ ತಪ್ಪಲಲ್ಲಿ ಒಬ್ಬ ಅಜ್ಜಿಯ ಮನೆ ಜಗಲಿಯೇ ನನ್ನ ಬಿಡಾರ. ಒಂದು ದಿನ ಅಜ್ಜಿ ಮಡಿಲ ತುಂಬ ಅಣಬೆ ತಂದಳು. ನಾನು ಸೀಸದಕಡ್ಡಿ ಹುಡುಕುವಷ್ಟರಲ್ಲಿ ಎಲ್ಲವನ್ನೂ ಹೆಚ್ಚಿಬಿಟ್ಟಿದ್ದಳು.

"ಎಲ್ಲಿ ಸಿಕ್ತಜ್ಜಿ?"

"ಬೆಟ್ಟದಲ್ಲಿ ಕಣಪ್ಪ."

"ಬೆಟ್ಟದಲ್ಲಿ ಎಲ್ಲಿ?"

"ಮರದ ಮ್ಯಾಲೆ."

"ಯಾವ ಮರ?"

"ಬಿದ್ದೋಗಿರದು."

ಅಣಬೆಯ ಜಾಗವನ್ನು ಹೆತ್ತ ಮಗಳಿಗಲ್ಲದೆ ಯಾರಿಗೂ ಹೇಳುವಂತಿಲ್ಲವಂತೆ. ಮಗನಿಗೂ ಹೇಳುವುದಿಲ್ಲವೇ ಎಂದು ಕೇಳಿದೆ.

"ಅವನಿಗೆ ಏಳ್ಬುಟ್ರೆ ಸೊಸೆಗೆ ಗೊತ್ತಾಯ್ತದಲ್ಲಪ್ಪ" ಎಂದಳು.

ಬೆರಳು

ಮಳೆಗಾಲ ಮುಗಿಯುತ್ತಾ ಬಂತು, ನನ್ನ ದಫ್ತರ ಖಾಲಿ. ನನ್ನ ಮುಖ ನೋಡಿ ಅಜ್ಜಿಗೇ ಕನಿಕರವಾಯಿತು. "ಕೆಲ್ಸ ಓಗ್ಬುಟ್ರೆ ನಿನ್ ಎಂಡ್ರು ಮಕ್ಕಳು ಏನ್ ಮಾಡಾರು? ಬಾ" ಎಂದು ಬೆಟ್ಟಕ್ಕೆ ಕರೆದೊಯ್ದಳು. ಬಿದ್ದ ದಿಂಡಿಗದ ಮರದ ಮೇಲೆ ಅಣಬೆ ಆಗತಾನೇ ಮೊಗ್ಗಾಗಿತ್ತು. ನಾನು ಬೆರಳು ತೋರಿಸಿದ್ದೇ ತಡ, ಕೈಮೇಲೆ ಒಂದು ಏಟು ಬಿತ್ತು.

"ಬೆಟ್ ತೋರುಸ್ಬ್ಯಾಡ, ಕೊಳ್ತೋಯ್ತದೆ. ಮಡಿಸ್ಕಂಡು ತೋರ್ಸು."

ಅಂದೇ ತಂತಿ ಕೊಟ್ಟು ಸುದ್ದಿ ಮುಟ್ಟಿಸಿದೆ. ಮೇಷ್ಟ್ರು ಮರುದಿನವೇ ಬಸ್ಸು ಹಿಡಿದು ಬಂದೇಬಿಟ್ಟರು. ಮರದ ಹತ್ತಿರ ಹೋದಾಗ ಅವರೂ ಮೊಗ್ಗಿನತ್ತ ಬೆರಳು ನೀಡಿದರು. ದೊಡ್ಡವರನ್ನು ಹೊಡೆಯುವುದು ಹೇಗೆಂದು ಅಜ್ಜಿ ತಾನೇ ಅವರ ಬೆರಳು ಹಿಡಿದು ಮಡಿಸಿದಳು. ಆಮೇಲೆ ಅವರು ಯಾವ ಮೊಗ್ಗು ತೋರಿಸಿದರೂ ಯಾರದೋ ಮನೆ ಕದ ತಟ್ಟಲು ಬಂದವರಂತೆ ಕಾಣುತ್ತಿದ್ದರು.

ಮಾದರಿ

ಮೇಷ್ಟ್ರು ಚಾಕು ತೆಗೆದರು. ಅಜ್ಜಿ ಅಡ್ಡ ನಿಂತಳು. "ಇದು ನನ್ ಮಗಳಿಗೆ ಬಳುವಳಿ ಕೊಟ್ಟಿರ ಮರ. ಅರವೆಯಿಂದ ಅವಳೇ ಬಂದು ಕೀಳ್ಬೇಕು."

"ಕಾಡು ಸರ್ಕಾರದ್ದಲ್ಲವೇನಮ್ಮ?"

"ಮರ ಸರ್ಕಾರದ್ದೇ ಸ್ವಾಮಿ. ಅಣಬೆ ನನ್ ಮಗಳದು."

ಹೇಗೂ ಅಣಬೆ ಅರಳಲು ಎರಡು ದಿನ ಬೇಕಿತ್ತು. ಮೇಷ್ಟ್ರು ಜಗಲಿಯಲ್ಲೇ ಉಳಿದರು. ಮೂರನೆಯ ದಿನ, ಅಜ್ಜಿ ಹೇಳಿಕಳಿಸಿದ್ದಕ್ಕೆ ಗಂಡನ ಊರು ಹರವೆಯಿಂದ ಬಂದ ಮಗಳು ಬೆಟ್ಟ ಹತ್ತಿ, ಅಷ್ಟನ್ನೂ ಕಿತ್ತು ತಂದು ಒಳಗೆ ಹೋದಳು. ಮಾದರಿಗೆಂದು ತೊಳೆಯುತ್ತಿದ್ದಾಳೆ ಎಂದುಕೊಂಡು ನಾವು ಸೀಸೆ ಸಿದ್ಧಮಾಡಿ ಕೂತೆವು. ಬಂದದ್ದು ಮುದ್ದೆ, ಸಾರು. ಆ ಘಮಕ್ಕೆ ನಮಗಿಬ್ಬರಿಗೂ ಲೋಕವೇ ಮರೆತುಹೋಯಿತು. ಎರಡನೆಯ ಮುದ್ದೆ ಮುರಿಯುವಾಗ ಮೇಷ್ಟ್ರ ಕೈ ನಿಂತಿತು.

"ಮಾದರಿ ಎಲ್ಲಿ?"

ಅಜ್ಜಿ ಮಡಕೆಗೆ ಸೌಟು ಹಾಕಿ ನೋಡಿದಳು. ಸಾರು ಬಿಟ್ಟರೆ ಏನೂ ಇರಲಿಲ್ಲ. ಕೊನೆಗೆ ತಿನ್ನೋಣವೆಂದು ನಾನು ಉಳಿಸಿಕೊಂಡಿದ್ದ ಇಡೀ ಅಣಬೆಯೊಂದು ನನ್ನ ಬಾಯಿಯ ಹತ್ತಿರವಿತ್ತು.

"ನುಂಗಬೇಡವೋ, ನಿನ್ನ ಕೆಲಸ ಅದು" ಎಂದು ಮೇಷ್ಟ್ರು ನನ್ನ ಮಣಿಕಟ್ಟು ಹಿಡಿದರು.

ಆ ಒಂದೇ ಅಣಬೆ ಸೀಸೆಯಲ್ಲಿ ಕೂತು ಮೈಸೂರಿಗೆ ಹೋಯಿತು, ಅಜ್ಜಿಯ ದಯೆಯಿಂದ ನನ್ನ ಕೆಲಸ ಖಾಯಂ ಆಯಿತು. ಆದರೆ ನಮ್ಮ ಮೇಷ್ಟ್ರು ಸುಳ್ಳು ಬರೆಯುವವರಲ್ಲ. ನೆನಪಿನಿಂದಲ್ಲ, ಮಾದರಿಯನ್ನು ನೋಡಿಯೇ ಬರೆಯಬೇಕೆಂಬುದು ಅವರ ಕಟ್ಟುನಿಟ್ಟು. ಹಾಗಾಗಿ ದಫ್ತರದಲ್ಲಿ ಅವರ ಮುದ್ದಾದ ಅಕ್ಷರದಲ್ಲಿ ಹೀಗಿದೆ: "ಬಣ್ಣ: ಅರಿಶಿನ. ವಾಸನೆ: ಬೆಳ್ಳುಳ್ಳಿ ಒಗ್ಗರಣೆ."