ಏಳು ಗಂಟೆಗೆ ಗುಡುಗುವ ಓಣಿ

ನಮ್ಮ ಜನಕ್ಕೆ ಕಾರು ಕೊಳ್ಳುವ ಬುದ್ಧಿ ಬರುವುದು ಮೊಣಕಾಲು ಕೈಕೊಟ್ಟ ಮೇಲೆ. ಕಣ್ಣು, ಕಿವಿ, ಸೊಂಟ ಎಲ್ಲ ಸರಿಯಿದ್ದಾಗ ಸೈಕಲ್ ತುಳಿದು, ನೌಕರಿ ಮುಗಿದ ಮರುದಿನ ಶೋರೂಮಿಗೆ ಹೋಗುತ್ತಾರೆ. ಶಹಾಪುರದ ನಮ್ಮ ಓಣಿಯಲ್ಲಿ ಆರು ಮನೆ, ಐದು ಕಾರು. ಯಜಮಾನರೆಲ್ಲ ಅರವತ್ತು ದಾಟಿದವರು. ಬೆಳಿಗ್ಗೆ ಏಳಾದರೆ ಸಾಕು, ಐದೂ ಕಾರು ಒಟ್ಟಿಗೆ ಗುಡುಗುತ್ತವೆ. ಯಾರೋ ದೂರದ ಊರಿಗೆ ಹೊರಟರೆಂದು ಹೊಸಬರು ತಿಳಿದಾರು. ಯಾರೂ ಎಲ್ಲಿಗೂ ಹೊರಟಿರುವುದಿಲ್ಲ. ಹತ್ತು ನಿಮಿಷ ಹೊಗೆ ಬಿಟ್ಟು, ಆರಿಸಿ, ಹೊದಿಕೆ ಹೊದಿಸಿ ಒಳಗೆ ಹೋಗುತ್ತಾರೆ.

ಇವರಲ್ಲಿ ಎದುರು ಮನೆಯ ಶರಣಪ್ಪನದು ಶುದ್ಧ ನಾಚಿಕೆಗೇಡು. ನಿವೃತ್ತ ಗುಮಾಸ್ತ. ಏನಪ್ಪಾ ಇದು ಎಂದರೆ, "ಬ್ಯಾಟರಿ ಇಳಿತದ್ರಿ ಸರ" ಎನ್ನುತ್ತಾನೆ. ಇಳಿದರೇನು, ಇವನೇನು ಹತ್ತಿ ಹೋಗುವವನೇ? ಆಯುಧಪೂಜೆಯ ದಿನ ಗಾಲಿಗಳ ಮುಂದೆ ನಿಂಬೆಹಣ್ಣಿಟ್ಟು ಕಾರು ಹತ್ತಿಸಿ ಒಡೆಯುವುದು ಪದ್ಧತಿ. ಇವನು ಮಂಗಳಾರತಿ ಮಾಡಿ, ಕಾಯಿ ಒಡೆದು, "ಓಣಿ ಖಾಲಿ ಆಗಲಿ, ಆಮ್ಯಾಲ ಹತ್ತಿಸ್ತೀನಿ" ಎಂದ. ಸಂಕ್ರಾಂತಿಗೂ ಹಣ್ಣು ಅಲ್ಲೇ ಇತ್ತು, ಒಣಗಿ ಗೋಲಿಯಾಗಿ. ಈ ಕಥೆಯನ್ನು ನಾನು ಚಹಾದಂಗಡಿಯಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ.

ನನ್ನ ಮಾತು ಬೇರೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವನು, ಲೈಸೆನ್ಸ್ ಇರುವವನು. ಆದರೂ ಯುಗಾದಿಯ ಮುಂಚೆ ಹೆಂಡತಿ ಮಹಾದೇವಿ ನೇರವಾಗಿ ಹೇಳಿದಳು: "ಸುರಪುರದಾಗ ನಮ್ಮ ತಂಗಿ ಮನಿಗಿ ಕಾರಿನ್ಯಾಗ ಕರಕೊಂಡು ಹೋಗ್ರಿ. ಇಲ್ಲಾಂದ್ರ ಮಾರಿ ಬಿಡ್ರಿ. ಅಂಗಳಾದ್ರೂ ಖುಲ್ಲಾ ಆಗ್ತದ." ಕಾರು ಮಾರುವುದೆಂದರೆ ಮುದುಕನಾದೆನೆಂದು ಊರಿಗೆಲ್ಲ ಡಂಗುರ ಸಾರಿದಂತೆ. "ನಾಳೆ ಮುಂಜಾನೆ ತಯಾರಾಗು" ಎಂದೆ.

ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಸ್ಟೇರಿಂಗ್ ಹಿಡಿದು ಕೂತೆ. ಗೇಟು ತೆರೆದಿತ್ತು. ಒಂದು ಬೈಕು ಬಂತು, ಹೋಗಲಿ ಎಂದೆ. ಎಮ್ಮೆ ಬಂತು, ಅದೂ ಹೋಗಲಿ. ಶಾಲೆಯ ಆಟೊ ಬಂದಾಗ ಇಂಜಿನ್ ಆರಿಸಿ, ಇಳಿದು ಗಾಜು ಒರೆಸಿದೆ. ಮತ್ತೆ ಕೂತೆ. ಮತ್ತೊಂದು ಬೈಕು.

ಮಹಾದೇವಿ ಚೀಲ ಹೆಗಲಿಗೇರಿಸಿ, "ನೀವು ಹಿಂದಿಂದ ಬರ್ರಿ. ನಾ ಬಸ್ಸಿಗೆ ಹೊಂಟೇನಿ" ಎಂದು ಆಧಾರ್ ಕಾರ್ಡ್ ಹಿಡಿದು ನಡೆದೇಬಿಟ್ಟಳು. ಹೆಂಗಸರಿಗೆ ಬಸ್ಸು ಪುಕ್ಕಟೆ, ಗಂಡನ ಹಂಗೇಕೆ?

ನಾನು ಮತ್ತೆ ಗಾಜು ಒರೆಸುತ್ತಿದ್ದಾಗ ಫೋನ್ ಬಂತು. "ಸುರಪುರ ಮುಟ್ಟೇನಿ, ಚಾ ಕುಡ್ಯಾಕತ್ತೇನಿ. ನೀವ್ ಎಲ್ಲಿದ್ದೀರಿ?"

"ಹೊಂಟೇನಿ, ಇಲ್ಲೇ ಗೇಟಿನ ಹಂತ್ಯಾಕ" ಎಂದೆ. ಗೇಟಿನ ಹತ್ತಿರ ಇದ್ದದ್ದು ಮಾತ್ರ ಸುಳ್ಳಲ್ಲ.

ಎದುರಿನ ಕಟ್ಟೆಯಿಂದ ಎಲ್ಲ ನೋಡುತ್ತಿದ್ದ ಶರಣಪ್ಪ ಕೋಲೂರಿಕೊಂಡು ಬಂದ. ನಗಲಿಲ್ಲ. ಕೋಲಿನ ತುದಿಯಿಂದ ನನ್ನ ಕಾರಿನ ಮುಂದಿನ ಗಾಲಿ ತೋರಿಸಿ ಮೆಲ್ಲಗೆ ಹೇಳಿದ: "ಸರ, ನಿಮ್ಮದೂ ಹಂಗೇ ಅದರಿ."

ಬಗ್ಗಿ ನೋಡಿದೆ. ಗಾಲಿಯ ಮುಂದೆ ನಿಂಬೆಹಣ್ಣು, ಒಣಗಿ ಗೋಲಿಯಾಗಿ. ಆಚೆ ಗಾಲಿಗೂ ಒಂದು. ಮಹಾದೇವಿ ಬಂದು ನೋಡುವ ಮೊದಲೇ ಎಲ್ಲ ಆರಿಸಿ ಜೇಬಿಗಿಳಿಸಿದೆ. ಆದರೆ ಕುಕ್ಕರಗಾಲಲ್ಲಿ ಕೂತ ನನಗೆ ಮೇಲೇಳಲು ಆಗಲಿಲ್ಲ. ಶರಣಪ್ಪನೇ ಕೈಹಿಡಿದು ಎಬ್ಬಿಸಿದ.