ಅರ್ಧ ಇಂಚಿನ ಪಾಠ

ಬಚ್ಚಲುಮನೆಯ ಕಬ್ಬಿಣದ ಪೈಪು ತುಕ್ಕು ಹಿಡಿದು ಸೋರಿದ್ದೇ ತಡ, ಲೆಕ್ಕದ ಮೇಷ್ಟ್ರು ಟೇಪು ಹಿಡಿದು ಯುದ್ಧ ಸಾರಿದರು. "ಇದನ್ನ ನಾನೇ ಬದಲಾಯಿಸ್ತೀನಿ!"

"ನನ್ನ ತಮ್ಮನ್ನ ಕರೀಬಾರ್ದಾ? ಅವನ ಕಸುಬೇ ಅದು," ಎಂದಳು ಹೆಂಡತಿ.

"ಎರಡಡಿ ಪೈಪಿಗೆ ನಿನ್ನ ತಮ್ಮ ಬೇಕಾ? ಇಪ್ಪತ್ತು ವರ್ಷದಿಂದ ವ್ಯಾಸ, ತ್ರಿಜ್ಯ ಅರೆದು ಕುಡಿಸಿದೋನು ನಾನು! ಸಂಜೆಯೊಳಗೆ ಆಗ್ಲಿಲ್ಲ ಅಂದ್ರೆ ಅವನನ್ನ ಎಲ್ಲರೆದುರು 'ಮೇಷ್ಟ್ರೇ' ಅಂತ ಕರೀತೀನಿ!"

"ಆಮೇಲೆ ಮಾತು ತಪ್ಪಬಾರ್ದು, ಮತ್ತೆ!"

ಮೇಷ್ಟ್ರು ಪೈಪಿನ ಅಡ್ಡಳತೆ ತೆಗೆದರು. ಮುಕ್ಕಾಲು ಇಂಚು, ಮೇಲೆ ಚೂರು.

"ಬಚ್ಚಲಿಗೆ ತಾನೇ? ಅರ್ಧ ಇಂಚಿರುತ್ತೆ ಸಾರ್," ಎಂದ ಅಂಗಡಿಯವನು.

"ಅಳೆದಿದ್ದೀನಿ ಕಣ್ರೀ!" ಎಂದು ಗದರಿ, ಮುಕ್ಕಾಲು ಇಂಚಿನದನ್ನೇ ತಂದರು. ಅದು ಜಪ್ಪಯ್ಯ ಅಂದರೂ ಕೂರಲಿಲ್ಲ. ಮತ್ತೆ ಅಂಗಡಿ.

"ಅರ್ಧ ಇಂಚು ಅನ್ನೋದು ಹೆಸರು ಸಾರ್, ಅಳತೆ ಅಲ್ಲ. ಹೊರಗೆ ಅಳೆದ್ರೂ ಸಿಗಲ್ಲ, ಒಳಗೆ ಅಳೆದ್ರೂ ಸಿಗಲ್ಲ. ಶೆಡ್ಯೂಲ್ ನಲವತ್ತು ಕೊಡ್ಲಾ?"

"ಅದಕ್ಕಿಂತ ದೊಡ್ಡ ನಂಬರ್ ಇಲ್ವಾ?"

"ಎಂಬತ್ತಿದೆ. ಆದ್ರೆ ಅದು..."

"ಅದೇ ಇರಲಿ! ಎಂಬತ್ತು ಬರೋ ಕಡೆ ನಲವತ್ತು ತಗೊಳ್ಳೋಕೆ ನಾನೇನು ಕೊನೇ ಬೆಂಚಿನವನಾ?"

ಈ ಸಲ ಪೈಪು ಕೂತಿತು! ಮೇಷ್ಟ್ರು ಮೀಸೆ ತಿರುವಿ ನಲ್ಲಿ ತಿರುಗಿಸಿದರು. ನೀರು ಮೊದಲಿಗಿಂತ ಸಣ್ಣಗೆ, ಅಳುಕುತ್ತ ಬಂತು. ಸಂಜೆ ನಾಲ್ಕು ಗಂಟೆ. ಮೇಷ್ಟ್ರು ಮೂರನೇ ಸಲ ಅಂಗಡಿಗೆ ಓಡಿದರು.

"ನಂಬರ್ ಏರಿದಷ್ಟೂ ಪೈಪಿನ ಗೋಡೆ ದಪ್ಪ ಸಾರ್," ಎಂದ ಅಂಗಡಿಯವನು. "ಹೊರಗಿನ ಅಳತೆ ಬದಲಾಗಲ್ಲ. ಕೊಬ್ಬೆಲ್ಲ ಒಳಗಡೆಗೇ ಬೆಳೆಯುತ್ತೆ." ಮೇಷ್ಟ್ರ ಹೊಟ್ಟೆಯತ್ತ ಕಣ್ಣು ಹಾಯಿಸಿ, "ನಮ್ಮ ಹಾಗಲ್ಲ," ಎಂದು ಸೇರಿಸಿದ. ಆಮೇಲೆ ಮೇಜಿನಡಿಯಿಂದ ಕಾಗದ ಸುತ್ತಿದ ಪೈಪೊಂದನ್ನು ಎಳೆದ. "ಅರ್ಧ ಇಂಚು, ನಲವತ್ತು, ಎರಡಡಿ. ಬೆಳಿಗ್ಗೆಯೇ ನಿಮ್ಮ ಮನೆಯವರು ಫೋನ್ ಮಾಡಿ ಕತ್ತರಿಸಿ ಇಡಿಸಿದ್ರು."

"ಮತ್ತೆ ಆಗಲೇ ಕೊಡೋಕೇನಾಗಿತ್ತು?"

"'ಮೂರನೇ ಸಲ ಬಂದಾಗ ಕೊಡಿ, ಅಲ್ಲೀವರೆಗೂ ಅವರು ಯಾರ ಮಾತೂ ಕೇಳಲ್ಲ' ಅಂದ್ರು."

ಮನೆಗೆ ಬಂದರೆ ಬಾಮೈದ ತೋಳು ಮಡಚಿ ಬಚ್ಚಲ ಬಾಗಿಲಲ್ಲೇ ನಿಂತಿದ್ದ. ಹಿಂದೆ ಹೆಂಡತಿ, ಅತ್ತೆ, ಮಾವ. ಮೇಷ್ಟ್ರು ಪೈಪನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದರು.

"ತಗೊಳ್ಳಿ... ಮೇಷ್ಟ್ರೇ."

ಬಾಮೈದ ಪೈಪನ್ನು ಕೋಲಿನಂತೆ ಅಂಗೈಗೆ ತಟ್ಟಿಕೊಂಡು, ಸ್ಟೂಲು ತೋರಿಸಿದ.

"ಕೂತ್ಕೊಳ್ಳಿ ಭಾವ. ಮೊದಲು ಮನೆಕೆಲಸ ತೋರಿಸಿ."